ತಂತಿ ಸುತ್ತಬೇಡ, ಮಗಳೇ

ಮಗಳೇ, ಕಾರಿನ ಗಾಳಿ, ನೀರು, ಆಯಿಲ್ ನೋಡಿಕೊಳ್ಳೋದು ನಿನಗೆ ಗೊತ್ತು. ಫ್ಯೂಸಿನ ವಿಷಯ ಮಾತ್ರ ಯಾರೂ ಹೇಳಿಕೊಟ್ಟಿರಲಾರರು. ದಿನಾ ಕಡೂರಿಂದ ಅಜ್ಜಂಪುರಕ್ಕೆ ಒಬ್ಬಳೇ ಓಡಾಡುವವಳು ನೀನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮ ಸೀಮೆಯವರ ಕೈಗೆ ಒಂದು ಅಭ್ಯಾಸ ಹತ್ತಿದೆ. ಬೋರ್‌ವೆಲ್ ಇರುವ ಯಾವುದಾದರೂ ತೋಟದ ಪಂಪ್‌ಮನೆಗೆ ಹೋಗಿ ನೋಡು. ಪಿಂಗಾಣಿ ಫ್ಯೂಸಿಗೆ ಒಂದೆಳೆ ಕಟ್ಟಬೇಕಾದ ಕಡೆ ನಾಲ್ಕೆಳೆ ತಾಮ್ರದ ತಂತಿ ಹೊಸೆದು ಕಟ್ಟಿರುತ್ತಾರೆ. ಕರೆಂಟು ಇರೋದೇ ಕೆಲವು ಗಂಟೆ, ಅಷ್ಟರಲ್ಲಿ ಅಡಿಕೆಗೂ ತೆಂಗಿಗೂ ನೀರು ಹಾಯಬೇಕು. ಪದೇ ಪದೇ ಫ್ಯೂಸ್ ಹೋದರೆ ಯಾರಿಗಾದರೂ ಸಿಟ್ಟು ಬರುತ್ತದೆ. ಆದರೆ ಹೋಗಬೇಕಾದ ಫ್ಯೂಸ್ ಹೋಗದೆ ಉಳಿದರೆ ಮೋಟರಿನ ವೈಂಡಿಂಗ್ ಸುಡುತ್ತದೆ. ಅದೇ ಕೈ ಕಾರಿಗೂ ಬರುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವನ್ನೋ ತಂತಿಯ ಎಳೆಯನ್ನೋ ಸುತ್ತಿ ಕೊಡುತ್ತೇನೆ ಎಂದು ದಾರಿಯಲ್ಲಿ ಯಾರಾದರೂ ಬಂದರೆ, ಒಳ್ಳೆಯ ಮನಸ್ಸಿನಿಂದಲೇ ಬಂದಿರುತ್ತಾರೆ, ಆದರೂ ಬೇಡ ಅನ್ನು. ಕಾರಿನಲ್ಲಿ ಕಾಯುವ ವೈರು ನಿನ್ನ ಮೊಣಕಾಲಿನ ಹತ್ತಿರ, ಡ್ಯಾಶ್‌ಬೋರ್ಡಿನ ಒಳಗೆ ಇರುತ್ತದೆ. ಹೊಗೆ ಕಾಣುವ ಹೊತ್ತಿಗೆ ಇಳಿದು ಓಡುವುದೊಂದೇ ಉಳಿಯುತ್ತದೆ.

ಹಾರ್ನ್ ಕೂಗಲಿಲ್ಲ, ವೈಪರ್ ಏಳಲಿಲ್ಲ ಅನ್ನು. ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆರಿಸಿ ಕೀ ತೆಗೆ. ಫ್ಯೂಸ್ ಬಾಕ್ಸ್ ಸಾಮಾನ್ಯವಾಗಿ ಎರಡಿರುತ್ತವೆ: ಒಂದು ಸ್ಟೀರಿಂಗಿನ ಕೆಳಗೋ ಪಕ್ಕಕ್ಕೋ, ಇನ್ನೊಂದು ಬಾನೆಟ್ಟಿನೊಳಗೆ ಬ್ಯಾಟರಿ ಹತ್ತಿರ. ಯಾವುದು ಯಾವುದರ ಫ್ಯೂಸು ಎಂಬ ಪಟ್ಟಿ ಮುಚ್ಚಳದ ಒಳಬದಿಯಲ್ಲೋ ಕಾರಿನ ಪುಸ್ತಕದಲ್ಲೋ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಫ್ಯೂಸ್ ಕೀಳಲು ಪ್ಲಾಸ್ಟಿಕ್ಕಿನ ಚಿಮಟವನ್ನೂ ಅಲ್ಲೇ ಸಿಕ್ಕಿಸಿರುತ್ತಾರೆ. ಕಿತ್ತು ಬೆಳಕಿಗೆ ಹಿಡಿ. ಎರಡು ಕಾಲುಗಳ ನಡುವಿನ ಲೋಹದ ಎಳೆ ತುಂಡಾಗಿದ್ದರೆ, ಪ್ಲಾಸ್ಟಿಕ್ ಕಪ್ಪಿಟ್ಟಿದ್ದರೆ ಅದು ಸುಟ್ಟಿದೆ. ಏರ್‌ಬ್ಯಾಗಿನ ಫ್ಯೂಸನ್ನು, ಬ್ಯಾಟರಿ ಬಳಿ ಬೋಲ್ಟ್ ಹಾಕಿ ಬಿಗಿದ ದೊಡ್ಡವನ್ನು ಮುಟ್ಟಬೇಡ, ಅದು ಎಲೆಕ್ಟ್ರಿಷಿಯನ್ ಕೆಲಸ.

ಅಂಬಾಸಿಡರ್ ಕಾಲದಲ್ಲಿ ಇದ್ದದ್ದು ಗಾಜಿನ ನಳಿಗೆಯ ಫ್ಯೂಸು. ಈಗಿನ ಎರಡು ಕಾಲಿನದನ್ನು 1976ರಲ್ಲಿ ಅಮೆರಿಕದ ಲಿಟಲ್‌ಫ್ಯೂಸ್ ಕಂಪನಿ ತಂದಿತು. ಅದರಿಂದಾದ ದೊಡ್ಡ ಉಪಕಾರವೆಂದರೆ ಬಣ್ಣ. 10 ಆಂಪಿಯರ್ ಕೆಂಪು, 15 ನೀಲಿ, 20 ಹಳದಿ, 30 ಹಸಿರು. ತಲೆಯ ಮೇಲೆ ಅಂಕಿಯೂ ಇರುತ್ತದೆ. ನೀಲಿ ಹೋದ ಜಾಗಕ್ಕೆ ನೀಲಿಯೇ, ಅದೇ ಗಾತ್ರದ್ದೇ ಹೋಗಬೇಕು.

ಹೆಚ್ಚಿನದು ಹಾಕಿದರೆ ಏನಾಗುತ್ತದೆ ಅನ್ನೋದನ್ನು ಲೆಕ್ಕದಲ್ಲೇ ನೋಡು. ಹೆಡ್‌ಲೈಟಿನ 60 ವಾಟ್ ಬಲ್ಬ್ 12 ವೋಲ್ಟ್‌ನಲ್ಲಿ 5 ಆಂಪಿಯರ್ ಎಳೆಯುತ್ತದೆ. ಎರಡೂ ಸೇರಿ 10. ಕೆಮ್ಮಣ್ಣುಗುಂಡಿಯ ಮಂಜಿಗೆ ಬೆಳಕು ಸಾಲದು ಎಂದು 100 ವಾಟಿನವು ಹಾಕಿಸಿದರೆ ಎರಡಕ್ಕೂ ಸೇರಿ ಹತ್ತಿರ ಹತ್ತಿರ 17. ಫ್ಯೂಸ್ ಹೋಗುತ್ತದೆ. ಆಗ 30ರದ್ದು ಹಾಕಿದರೆ ಲೈಟೇನೋ ಉರಿಯುತ್ತದೆ, ವೈರು ಮಾತ್ರ ಮೊದಲಿನಷ್ಟೇ ತೆಳ್ಳಗೆ! ಆ ವೈರಿನ ದಪ್ಪ ನೋಡಿಯೇ ಕಂಪನಿಯವರು ಫ್ಯೂಸ್ ಇಟ್ಟಿರುತ್ತಾರೆ.

ಹೊಸದು ಹಾಕಿದ ಕೂಡಲೇ ಅದೂ ಹೋಯಿತೆಂದರೆ ಮೂರನೆಯದು ಹಾಕಬೇಡ, ಕಾರಣ ಹುಡುಕು. ಮೊಬೈಲ್ ಚಾರ್ಜರ್ ಸಿಕ್ಕಿಸುವ ತೂತಿಗೆ ರೂಪಾಯಿ ನಾಣ್ಯ ಬಿದ್ದಿರಬಹುದು. ಒದ್ದೆ ಎಲೆ ಸಿಕ್ಕಿಕೊಂಡು ವೈಪರ್ ಅಲುಗದೆ ಮೋಟರು ತಿಣುಕುತ್ತಿರಬಹುದು. ನಮ್ಮ ಮನೆಗಳ ಕಥೆ ಇನ್ನೂ ಒಂದಿದೆ: ಕೊಬ್ಬರಿ, ಅಡಿಕೆ ತುಂಬಿದ ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುತ್ತೇವೆ, ಇಲಿ ಬಾನೆಟ್ಟಿಗೆ ಸೇರಿ ವೈರು ಕಡಿಯುತ್ತದೆ. ಹಿಕ್ಕೆ ಕಂಡರೆ ಮೊದಲು ಅಲ್ಲೇ ಹುಡುಕಿಸು.

ಕೆಲವು ಫ್ಯೂಸ್ ಹೋದದ್ದು ಡ್ರೈವರಿಗೆ ತಿಳಿಯುವುದೇ ಇಲ್ಲ. ಬ್ರೇಕ್ ಲೈಟಿನದು ಹಾಗೆ. ಅಜ್ಜಂಪುರದ ದಾರಿಯಲ್ಲಿ ಸಂಜೆ ದನಕರು ಅಡ್ಡ ಬರುತ್ತವೆ, ನೀನು ಬ್ರೇಕ್ ಒತ್ತಿದ್ದು ಹಿಂದಿನ ಲಾರಿಯವನಿಗೆ ಕಾಣಲೇಬೇಕು. ವಾರಕ್ಕೊಮ್ಮೆ ಕತ್ತಲಾದ ಮೇಲೆ ಕಾರಿನ ಹಿಂಭಾಗ ಗೋಡೆಗೆ ಮಾಡಿ ನಿಲ್ಲಿಸಿ ಬ್ರೇಕ್ ಒತ್ತು. ಕೆಂಪು ಬೆಳಕು ಗೋಡೆಗೆ ಬೀಳುತ್ತದೋ ಕನ್ನಡಿಯಲ್ಲಿ ನೋಡು.

ಕಡೂರಲ್ಲೋ ತರೀಕೆರೆಯಲ್ಲೋ ಸ್ಪೇರ್ಸ್ ಅಂಗಡಿಗೆ ಹೋದಾಗ ಹಳೆಯದೊಂದನ್ನು ತೋರಿಸಿ ಅದೇ ಗಾತ್ರದವನ್ನು ಎಲ್ಲ ಬಣ್ಣದಲ್ಲೂ ಎರಡೆರಡು ತಂದು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಇಡು. ಕಲ್ಲತ್ತಿಗಿರಿಯ ತಿರುವಿನಲ್ಲಿ ರಾತ್ರಿ ಹೆಡ್‌ಲೈಟಿನದು ಹೋಗಿ, ಕೈಯಲ್ಲಿ ಸ್ಪೇರ್ ಇಲ್ಲದಿದ್ದರೆ ಚಾರ್ಜರಿನದೋ ರೇಡಿಯೋದ್ದೋ ಅದೇ ಅಂಕಿಯ ಫ್ಯೂಸ್ ಕಿತ್ತು ಹಾಕಿಕೊಂಡು ಮನೆಗೆ ಬಾ. ಈ ಭಾನುವಾರ ಹಗಲು ಹೊತ್ತಿನಲ್ಲೇ ಎರಡೂ ಮುಚ್ಚಳ ತೆಗೆದು, ಹಾರ್ನಿನ ಫ್ಯೂಸನ್ನು ನೀನೇ ಒಮ್ಮೆ ಕಿತ್ತು ಹಾಕಿ ನೋಡು.