ವಿಕ್ರಾಂತ್ ಗುಜರಿಗೆ ಹೋಯಿತು, ರೀಲೂ ಹೋಗಬೇಕೆ?

ಪ್ರಶ್ನೆ: 1971ರ ಯುದ್ಧದಲ್ಲಿ ವಿಕ್ರಾಂತ್ ಹಡಗಿನ ಮೇಲಿಂದ ವಿಮಾನಗಳು ಹಾರುವ ಕಪ್ಪು-ಬಿಳುಪು ದೃಶ್ಯಗಳನ್ನು ಟಿ.ವಿ.ಯಲ್ಲಿ ನೋಡಿದೆ. ಇವೆಲ್ಲ ಕಂಪ್ಯೂಟರಿಗೆ ಬಂದ ಮೇಲೂ ಹಳೆಯ ರೀಲುಗಳನ್ನು ಯಾಕೆ ಕಾಯ್ದಿಡಬೇಕು? – ಓದುಗರೊಬ್ಬರು, ದೇವದುರ್ಗ

ಉತ್ತರ: ಮೊದಲನೆಯದಾಗಿ, ಹಡಗೇ ಈಗ ಇಲ್ಲ. 1961ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನಮ್ಮ ನೌಕಾಪಡೆಗೆ ಸೇರಿದ ವಿಕ್ರಾಂತ್ 1997ರಲ್ಲಿ ನಿವೃತ್ತಿಯಾಯಿತು. ಕೆಲವು ವರ್ಷ ಮುಂಬೈಯಲ್ಲಿ ಮ್ಯೂಸಿಯಂ ಆಗಿ ನಿಂತು, 2014ರಲ್ಲಿ ಗುಜರಿಗೆ ಮಾರಾಟವಾಯಿತು. ಅದರ ಲೋಹದಲ್ಲಿ ಒಂದಿಷ್ಟು ಬಜಾಜ್ ಬೈಕಿಗೂ ಸೇರಿದೆ. 1971ರ ಡಿಸೆಂಬರಿನಲ್ಲಿ ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿಗೆ ಹೊರಟ ಸೀ ಹಾಕ್, ಅಲಿಝೆ ವಿಮಾನಗಳು ಆ ಡೆಕ್ಕಿನಿಂದ ಹೇಗೆ ಏರುತ್ತಿದ್ದವು ಎಂದು ನೋಡಬೇಕಾದರೆ ಫಿಲ್ಮೇ ಗತಿ.

ಆ ಕಾಲದಲ್ಲಿ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಜನ್ನಿನ ವಾರ್ತಾಚಿತ್ರ ತೋರಿಸುವುದು ದೇಶದ ಟಾಕೀಸುಗಳಿಗೆಲ್ಲ ಕಡ್ಡಾಯ, ರಾಯಚೂರಿನವಕ್ಕೂ. ಬೀಡಿ ಸೇದಿ ಮುಗಿಸಿ ನಿಧಾನಕ್ಕೆ ಒಳಗೆ ಬಂದರಾಯಿತು ಎಂದುಕೊಳ್ಳುತ್ತಿದ್ದ ಆ ಚಿತ್ರಗಳೇ ಇಂದು ದಾಖಲೆ. 1948ರಲ್ಲಿ ಹುಟ್ಟಿದ ಆ ಸಂಸ್ಥೆ ಮತ್ತು 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಫಿಲ್ಮ್ ಆರ್ಕೈವ್, ಎರಡೂ ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ಅಡಿಯಲ್ಲಿವೆ.

ಆದರೆ ರೀಲು ಕಾಯುವುದು ಸುಲಭವಲ್ಲ. 1950ರ ದಶಕಕ್ಕೆ ಮೊದಲಿನ ಹೆಚ್ಚಿನ 35 ಎಂಎಂ ಫಿಲ್ಮು ನೈಟ್ರೇಟಿನದು. ಒಮ್ಮೆ ಹೊತ್ತಿಕೊಂಡರೆ ನೀರಲ್ಲಿ ಮುಳುಗಿಸಿದರೂ ಉರಿಯುತ್ತದೆ. 1978ರಲ್ಲಿ ಅಮೆರಿಕದ ರಾಷ್ಟ್ರೀಯ ದಾಖಲೆಗಳ ಉಗ್ರಾಣದಲ್ಲಿ ಬೆಂಕಿ ಬಿದ್ದು ಯೂನಿವರ್ಸಲ್ ವಾರ್ತಾಚಿತ್ರಗಳ ಕೋಟಿಗೂ ಹೆಚ್ಚು ಅಡಿ ಸುಟ್ಟುಹೋಯಿತು. 2003ರಲ್ಲಿ ಪುಣೆಯಲ್ಲೂ ಇದೇ ಅನಾಹುತವಾಯಿತು. ವಿಕ್ರಾಂತ್ ಕಾಲದ ಅಸಿಟೇಟ್ ಫಿಲ್ಮಿಗೆ ಈ ಬೆಂಕಿಯ ಭಯವಿಲ್ಲ, ಅದರ ರೋಗ ಬೇರೆ. ಸೆಕೆ, ತೇವ ತಗಲಿದರೆ ಅದು ತನ್ನೊಳಗೇ ವಿನಿಗರ್ ಆಮ್ಲ ಬಿಡತೊಡಗುತ್ತದೆ. ಆ ಆಮ್ಲ ಡಬ್ಬಿಯಲ್ಲೇ ಉಳಿದರೆ ಕೊಳೆತ ಇನ್ನೂ ಬೇಗ. ಹಗೇವಿನ ಜೋಳದಂತೆ ಗಾಳಿಯಾಡದೆ ಮುಚ್ಚಿಟ್ಟರೆ ಫಿಲ್ಮು ಉಳಿಯುವುದಿಲ್ಲ. 21 ಡಿಗ್ರಿಯಲ್ಲಿ, ತೇವ ಮಿತವಾಗಿದ್ದರೆ, ಹೊಸ ಫಿಲ್ಮಿಗೆ ಈ ಹುಳಿ ಹಿಡಿಯಲು ಸುಮಾರು 50 ವರ್ಷ ಬೇಕು; ಅಲ್ಲಿಂದ ಐದಾರು ಡಿಗ್ರಿ ಇಳಿಸಿದರೆ ಆಯುಷ್ಯ ಹೆಚ್ಚುಕಡಿಮೆ ಇಮ್ಮಡಿ. ಮೇ ತಿಂಗಳಲ್ಲಿ 40 ದಾಟುವ ನಮ್ಮ ಜಿಲ್ಲೆಯ ಸೆಕೆಯಲ್ಲಿ ಲೆಕ್ಕ ಎತ್ತ ಹೋಗುತ್ತದೆಂದು ನಿಮಗೆ ಹೇಳಬೇಕಿಲ್ಲ.

ಹಾಗಾದರೆ ಡಿಜಿಟಲ್? ಬೇಕೇ ಬೇಕು, ಆದರೆ ಅದು ನಕಲು. ವಿಡಿಯೋ ಟೇಪಿನ ಕಾಲದಲ್ಲಿ ಮಾಡಿದ ನಕಲುಗಳು ಇಂದಿನ ಪರದೆಯಲ್ಲಿ ಮಸಕು ಮಸಕು. ಮೂಲ ರೀಲು ಇದ್ದರೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ಅದೇ ದೃಶ್ಯದಲ್ಲಿ ವಿಮಾನದ ರೆಕ್ಕೆಯ ಮೇಲಿನ ಅಂಕಿ ಓದಬಹುದು. ಎರಡನೇ ಮಹಾಯುದ್ಧದ ವಿಮಾನವಾಹಕ ಹಡಗಿನ ಬದುಕನ್ನು ತೋರಿಸುವ ಅಮೆರಿಕದ ‘ದಿ ಫೈಟಿಂಗ್ ಲೇಡಿ’ (1944) ಚಿತ್ರಕ್ಕೆ ಬಳಸಿದ್ದು 16 ಎಂಎಂ ಕೊಡಕ್ರೋಮ್. ಕತ್ತಲಲ್ಲಿಟ್ಟರೆ ಅದರ ಬಣ್ಣ ದಶಕಗಳ ಕಾಲ ಮಾಸುವುದಿಲ್ಲ. ಹಾರ್ಡ್ ಡಿಸ್ಕಿಗೆ ಅಷ್ಟು ತಾಳಿಕೆ ಇಲ್ಲ. ಕೆಲವೇ ವರ್ಷಕ್ಕೊಮ್ಮೆ ಫೈಲುಗಳನ್ನು ಹೊಸದಕ್ಕೆ ದಾಟಿಸುತ್ತಲೇ ಇರಬೇಕು.

ಇನ್ನೊಂದು ಮಾತು, ನನಗೆ ಇದೇ ಹೆಚ್ಚು ಮುಖ್ಯ. ರೀಲಿನ ಜೊತೆ ವಿವರದ ಚೀಟಿ ಇಲ್ಲದಿದ್ದರೆ ದೃಶ್ಯ ಉಳಿದರೂ ಇತಿಹಾಸ ಕಲಬೆರಕೆಯಾಗುತ್ತದೆ. ಟಿ.ವಿ.ಯವರು ಕೈಗೆ ಸಿಕ್ಕ ಹಡಗನ್ನೆಲ್ಲ ‘1971’ ಎಂದು ತೋರಿಸಿಬಿಡುತ್ತಾರೆ. ನೀವೇ ಪರೀಕ್ಷಿಸಬಹುದು: ಡೆಕ್ಕಿನ ಮೂತಿ ಮೇಲಕ್ಕೆ ಬಾಗಿದ್ದರೆ ಅದು 1971ರ ವಿಕ್ರಾಂತ್ ಅಲ್ಲ. ಆಗ ಅದರ ಡೆಕ್ಕು ಸಪಾಟು, ವಿಮಾನವನ್ನು ಆವಿಯ ಕ್ಯಾಟಪಲ್ಟ್ ಎಸೆಯುತ್ತಿತ್ತು. ಬಾಗಿದ ಮೂತಿ ಬಂದದ್ದು 1980ರ ದಶಕದಲ್ಲಿ. ಸೀ ಹ್ಯಾರಿಯರ್ ಕಂಡರೂ ಅಷ್ಟೇ, ಅವು ನಮ್ಮ ನೌಕಾಪಡೆಗೆ ಬಂದದ್ದು 1983ರಲ್ಲಿ.

ದೇವದುರ್ಗ, ಮಾನ್ವಿ ಕಡೆಯ ಯಾವುದಾದರೂ ಮನೆಯಲ್ಲಿ ನೌಕಾಪಡೆಯಲ್ಲಿದ್ದವರ 8 ಎಂಎಂ ರೀಲು ಇದ್ದರೆ ಪ್ರೊಜೆಕ್ಟರಿಗೆ ಹಾಕಿ ನೋಡುವ ಆಸೆ ಬೇಡ. ಕುಗ್ಗಿದ ಫಿಲ್ಮಿನ ತೂತುಗಳು ಹರಿಯುತ್ತವೆ. ತಗಡಿನ ಮಾಡಿನ ಕೆಳಗಿನ ಅಟ್ಟದಿಂದ ಇಳಿಸಿ, ಮನೆಯ ತಂಪಾದ ನಡುಕೋಣೆಯಲ್ಲಿಡಿ. ಹುಳಿ ವಾಸನೆ ಬರುವುದನ್ನು ಉಳಿದವುಗಳಿಂದ ಬೇರೆ ಮಾಡಿ. ಯಾವ ಹಡಗು, ಯಾವ ವರ್ಷ, ಚಿತ್ರದಲ್ಲಿರುವವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟು, ಆಮೇಲೆ ಪುಣೆಯ ಆರ್ಕೈವಿಗೆ ಒಂದು ಪತ್ರ ಹಾಕಿ.