ನಿಮ್ಮ ರೂಟರ್‌ಗೆ ಸ್ವಂತ ವಿಳಾಸ ಇದೆಯೇ? ಪರೀಕ್ಷಿಸಿ, ಐಪಿವಿ6 ಕೇಳಿ ಪಡೆಯಿರಿ

ರೂಟರ್‌ನಲ್ಲಿ ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ಕ್ಯಾಮೆರಾಗೆ ದಾಟಿಸುವ ಸೆಟ್ಟಿಂಗ್) ಸರಿಯಾಗಿಯೇ ಮಾಡಿದ್ದರೂ ಮನೆಯ ಸಿಸಿಟಿವಿ ಹೊರಗಿನಿಂದ ಕಾಣುವುದಿಲ್ಲ ಎಂದಾದರೆ, ತಪ್ಪು ಕ್ಯಾಮೆರಾದ್ದೂ ರೂಟರ್‌ನದೂ ಆಗಿರಬೇಕಿಲ್ಲ. ಕಾರಣ ಇಂಟರ್ನೆಟ್ ವಿಳಾಸಗಳ ಕೊರತೆಯಿರಬಹುದು. ಹಳೆಯ ಐಪಿವಿ4 ಪದ್ಧತಿಯಲ್ಲಿ ಸಾಧ್ಯವಿರುವುದೇ ಸುಮಾರು 430 ಕೋಟಿ ವಿಳಾಸಗಳು. ಜಾಗತಿಕ ದಾಸ್ತಾನಿನ ಕೊನೆಯ ಕಂತು 2011ರ ಫೆಬ್ರುವರಿಯಲ್ಲಿ ಹಂಚಿಕೆಯಾಯಿತು. ನಮ್ಮ ವಲಯಕ್ಕೆ ವಿಳಾಸ ಕೊಡುವ ಎಪಿನಿಕ್ ಸಂಸ್ಥೆ ಅದೇ ವರ್ಷದ ಏಪ್ರಿಲ್‌ನಿಂದ ರೇಷನ್‌ನಂತೆ ಅಳೆದು ಕೊಡತೊಡಗಿತು. ಕೊರತೆ ತುಂಬಿಸಲು ಬ್ರಾಡ್‌ಬ್ಯಾಂಡ್ ಕಂಪನಿಗಳು ಮನೆಯ ಸಾಧನಗಳೆಲ್ಲ ಒಂದೇ ವಿಳಾಸದಲ್ಲಿ ನಡೆಯುವಂತೆ ರೂಟರ್ ಮಾಡುವ ನ್ಯಾಟ್‌ನ ಮೇಲೆ ತಮ್ಮದೂ ಒಂದು ಪದರ ಹಾಕಿ, ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತವೆ. ಇದೇ ಸಿಜಿನ್ಯಾಟ್. ತಾತ್ಕಾಲಿಕವಾಗಿ ಇದು ಅನಿವಾರ್ಯವಿರಬಹುದು, ಆದರೆ ಇದನ್ನೇ ಕಾಯಂ ವ್ಯವಸ್ಥೆಯೆಂದು ಗ್ರಾಹಕರು ಒಪ್ಪಿಕೊಳ್ಳಬಾರದು. ವಿಳಾಸಗಳಿಗೆ ಕೊರತೆಯೇ ಇಲ್ಲದ ಹೊಸ ಪದ್ಧತಿ ಐಪಿವಿ6 ಇದಕ್ಕೆ ಪರಿಹಾರ.

ಹಂತ 1, ಪರೀಕ್ಷೆ: ರೂಟರ್‌ನ ತಳದ ಸ್ಟಿಕ್ಕರ್‌ನಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು, ಸ್ಟೇಟಸ್ ಪುಟದ ವ್ಯಾನ್ ಐಪಿಯನ್ನು (ರೂಟರ್ ಹೊರಜಾಲದ ಕಡೆ ಪಡೆದ ವಿಳಾಸ) ಬರೆದಿಟ್ಟುಕೊಳ್ಳಿ. ಬಳಿಕ ಅದೇ ವೈಫೈನಲ್ಲಿ, ವಿಪಿಎನ್ ಆಫ್ ಮಾಡಿ, ಐಪಿ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ನಿಮ್ಮ ಐಪಿವಿ4 ವಿಳಾಸ ನೋಡಿ. ಎರಡೂ ಒಂದೇ ಆಗಿದ್ದರೆ ಚಿಂತೆಯಿಲ್ಲ. ವ್ಯಾನ್ ಐಪಿ 100.64ರಿಂದ 100.127ರೊಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. 2012ರಲ್ಲಿ ಈ ಶ್ರೇಣಿಯನ್ನು ಮೀಸಲಿಟ್ಟಿದ್ದೇ ಅದಕ್ಕಾಗಿ. 10 ಅಥವಾ 192.168ರಿಂದ ಶುರುವಾದರೆ ಪದರ ಕಂಪನಿಯದಿರಬಹುದು, ಮನೆಯಲ್ಲೇ ಇರುವ ಎರಡನೇ ರೂಟರ್‌ನದೂ ಇರಬಹುದು. ಮನೆಯದಾದರೆ ಎರಡರಲ್ಲೊಂದನ್ನು ಬ್ರಿಜ್ ಮೋಡ್‌ಗೆ ಹಾಕಿ.

ಸಿಜಿನ್ಯಾಟ್‌ನಿಂದ ನಷ್ಟವೇನು ಎಂಬುದಕ್ಕೆ ಲೆಕ್ಕವೇ ಉತ್ತರ. ಒಂದು ವಿಳಾಸಕ್ಕೆ 65,536 ಪೋರ್ಟ್‌ಗಳು, ಅಂದರೆ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆಗಳು. 64 ಮನೆಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ ಸಿಗುವುದು 1,024. ಟಿವಿ, ಫೋನು, ಲ್ಯಾಪ್‌ಟಾಪ್ ಒಟ್ಟಿಗೆ ನೂರಾರು ಸಂಪರ್ಕ ತೆರೆಯುವ ಮನೆಯಲ್ಲಿ ಈ ಪಾಲು ಮುಗಿದಾಗ ಸ್ಪೀಡ್ ಇದ್ದರೂ ಹೊಸ ಪುಟ ತೆರೆಯದು. ವಿಳಾಸ ಹಂಚಿಕೊಂಡ ಯಾರೋ ಒಬ್ಬರು ಸ್ಪ್ಯಾಮ್ ಕಳಿಸಿದರೆ ಉಳಿದವರಿಗೂ ಕ್ಯಾಪ್ಚಾ, ನಿರ್ಬಂಧ ತಪ್ಪುವುದಿಲ್ಲ. ಸೈಬರ್ ಅಪರಾಧದ ತನಿಖೆಯಲ್ಲಿ ಬರೀ ಐಪಿ ಸಾಲದು. ಪೋರ್ಟ್ ಸಂಖ್ಯೆ, ನಿಖರ ಸಮಯವೂ ಬೇಕು. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್ 2017ರಲ್ಲೇ ಈ ಪದ್ಧತಿ ಕೊನೆಗೊಳ್ಳಬೇಕೆಂದು ದನಿ ಎತ್ತಿದ್ದು ಇದಕ್ಕೇ.

ವಿಡಿಯೊ, ವಾಟ್ಸ್‌ಆ್ಯಪ್ ನಡೆಯುತ್ತಿರುವಾಗ ತೊಂದರೆ ಏನೆಂದು ಕೇಳಬಹುದು. ಅವೆಲ್ಲ ನೀವಾಗಿ ಸರ್ವರ್‌ನ ಬಳಿಗೆ ಹೋಗುವ ಸಂಪರ್ಕಗಳು. ಹೊರಗಿನವರು ನಿಮ್ಮಲ್ಲಿಗೆ ನೇರವಾಗಿ ಬರಬೇಕಾದ ಕ್ಯಾಮೆರಾ, ಆಟ, ಮನೆಯ ಸರ್ವರ್‌ಗಳಿಗೆ ದಾರಿ ಮುಚ್ಚುತ್ತದೆ, ಮಧ್ಯವರ್ತಿ ಕಂಪನಿಯನ್ನೇ ನಂಬಬೇಕಾಗುತ್ತದೆ. ನ್ಯಾಟ್‌ನಿಂದ ಭದ್ರತೆ ಎಂಬ ವಾದವೂ ಪೂರ್ತಿ ನಿಲ್ಲದು. ಕರೆಯದೆ ಬಂದದ್ದನ್ನು ತಡೆಯುವುದು ಫೈರ್‌ವಾಲ್‌ನ ಕೆಲಸ. ಐಪಿವಿ6ನಲ್ಲೂ ರೂಟರ್ ಅದನ್ನು ಮಾಡಬಲ್ಲದು. ಹಳೆಯ ಸಾಧನಗಳು ಕೆಡುತ್ತವೆಂಬ ಭಯ ಬೇಡ, ಐಪಿವಿ4, ಐಪಿವಿ6 ಎರಡೂ ಒಂದೇ ಜಾಲದಲ್ಲಿ ಜೊತೆಯಾಗಿ ನಡೆಯುತ್ತವೆ.

ಹಂತ 2, ಐಪಿವಿ6 ಆನ್ ಮಾಡಿ: ರೂಟರ್‌ನ ಐಪಿವಿ6 ಪುಟದಲ್ಲಿ ಅದನ್ನು ಸಕ್ರಿಯಗೊಳಿಸಿ, ಐಪಿವಿ6 ಫೈರ್‌ವಾಲ್ ಆನ್ ಇದೆಯೇ ಖಚಿತಪಡಿಸಿಕೊಂಡು ರೀಸ್ಟಾರ್ಟ್ ಮಾಡಿ. ಐಪಿವಿ6 ಪರೀಕ್ಷಿಸುವ ಯಾವುದಾದರೂ ಜಾಲತಾಣದಲ್ಲಿ ಫಲಿತಾಂಶ ನೋಡಿ. ಕ್ಯಾಮೆರಾಗೆ ಐಪಿವಿ6 ಬೆಂಬಲವಿದ್ದರೆ ಅದಕ್ಕೆ ಬೇಕಾದ ಪೋರ್ಟ್ ಮಾತ್ರ ತೆರೆಯಿರಿ. ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ವ್ಯಾಪಕವಾಗಿರುವುದರಿಂದ ಫೋನಿನಿಂದ ನೋಡಲು ಸಾಮಾನ್ಯವಾಗಿ ಅಡ್ಡಿಯಿಲ್ಲ.

ಹಂತ 3, ಕಂಪನಿಯನ್ನು ಕೇಳಿ: ಐಪಿವಿ6 ಬರದಿದ್ದರೆ ಇಮೇಲ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ತುರ್ತಿದ್ದರೆ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಬಹುದು, ಆದರೆ ಒಬ್ಬರು ಕೊಂಡ ಐಪಿವಿ4 ವಿಳಾಸ ಇನ್ನೊಬ್ಬರ ಪಾಲಿನಿಂದಲೇ ಬರಬೇಕು. ಹೊಸ ಕನೆಕ್ಷನ್ ಪಡೆಯುವಾಗ ಸ್ಪೀಡ್ ಎಷ್ಟು ಎಂಬುದರ ಜೊತೆಗೇ ಐಪಿವಿ6 ಇದೆಯೇ ಎಂದು ಕೇಳಿ. ಗ್ರಾಹಕರು ಕೇಳದ ಸೌಲಭ್ಯಕ್ಕೆ ಕಂಪನಿಗಳು ಆತುರಪಡುವುದಿಲ್ಲ.