ಬಾಣಲೆಯಲ್ಲಿ ಹುಟ್ಟಿದ ನುಡಿಗಟ್ಟು

ದಕ್ಷಿಣ ಚೀನದ ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿಯೂ ಹಾಂಗ್‌ಕಾಂಗಿನಲ್ಲಿಯೂ ಬಳಕೆಯಲ್ಲಿರುವ ಭಾಷೆ ಕ್ಯಾಂಟನೀಸ್. ಅದನ್ನು ಕಲಿಯಹೊರಟವನು ‘ಅವನ ಬೊಂಡಾಸನ್ನು ಹುರಿದರು’ ಎಂಬ ಮಾತನ್ನು ಕೇಳಿದರೆ ಔತಣವೆಂದೇ ಭಾವಿಸಿಯಾನು. ಆದರೆ ಅದರ ಅರ್ಥ, ಅವನನ್ನು ಕೆಲಸದಿಂದ ತೆಗೆದರು ಎಂದು. ಬೊಂಡಾಸ್ ನಮ್ಮ ಕರಾವಳಿಯವರಿಗೂ ಪರಿಚಿತವಾದ ಕಡಲಜೀವಿ. ಅದರ ತುಂಡು ಕಾದ ಬಾಣಲೆಗೆ ಬಿದ್ದೊಡನೆ ಚಾಪೆಯಂತೆ ಸುರುಳಿಗೊಳ್ಳುತ್ತದೆ. ಹಿಂದೆ ಧಣಿಯ ಆಶ್ರಯದಲ್ಲಿಯೇ ಮಲಗೇಳುತ್ತಿದ್ದ ಆಳು, ಕೆಲಸ ಹೋದ ದಿನ ಹೀಗೆಯೇ ಹಾಸಿಗೆ ಸುತ್ತಿಕೊಂಡು ಹೊರಡಬೇಕಿತ್ತೆಂದು ಬಲ್ಲವರು ವಿವರಿಸುತ್ತಾರೆ. ಕನ್ನಡದ ‘ಗಂಟುಮೂಟೆ ಕಟ್ಟು’ ಇದಕ್ಕೆ ದೂರದ್ದೇನಲ್ಲ. ನಗೆಯ ಮಾತಿನೊಳಗೆ ಅಡಗಿರುವುದು ಸಂಕಟವೇ. ಆದುದರಿಂದ ಗೆಳೆಯರ ಹರಟೆಗೆ ಒಪ್ಪುವ ಈ ನುಡಿ, ಆಗತಾನೆ ಅನ್ನದ ದಾರಿ ಕಳೆದುಕೊಂಡವನ ಮುಂದೆ ಒಪ್ಪದು. ತಾನಾಗಿಯೇ ಕೆಲಸ ಬಿಟ್ಟವನಾದರೋ ‘ಧಣಿಯ ಬೊಂಡಾಸನ್ನು ನಾನೇ ಹುರಿದೆ’ ಎಂದು ಬೀಗುತ್ತಾನೆ!